ಪರನಾಡಿನಲ್ಲೊಂದು ಪುಣ್ಯಮಾಸ

"ಊಟವಾಯ್ತಾ ಅವ್ವಾ?"

ಕೊಳ್ಳೇಗಾಲದ ಸೀಮೆಯಲ್ಲಿ ದಾರಿಯಲ್ಲಿ ಎದುರಾದವರನ್ನು ಮಾತನಾಡಿಸುವ ಬಗೆ ಇದು. ಕೇಳಿದವನಿಗೆ ಉತ್ತರ ಬೇಕೇಬೇಕೆಂದೇನೂ ಇಲ್ಲ. "ಆಯ್ತಪ್ಪ, ನಿಂದಾಯ್ತಾ?" ಎಂದುಬಿಟ್ಟರೆ ಉಭಯ ಕುಶಲೋಪರಿ ಮುಗಿದಂತೆಯೇ. ಆದರೆ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ವರ್ಷಕ್ಕೊಂದು ತಿಂಗಳು ಇಷ್ಟು ಸರಳವಾದ ಮಾತಿಗೂ ಉತ್ತರ ದೊರೆಯದೆ ಹೋಗುವುದುಂಟು. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹದವಾಗಿರುವ ದಿನಗಳು. ಮುಂಜಾನೆ ಹೊಲದ ಕಡೆಗೆ ಹೊರಟ ಕೂಲಿಯಾಳು ಎದುರಿಗೆ ಬಂದ ವೃದ್ಧೆಯನ್ನು ವಾಡಿಕೆಯಂತೆ ವಿಚಾರಿಸಿದರೆ, ಆಕೆ ಬಾಯಿ ತೆರೆಯುವುದಿಲ್ಲ. ಮುಗುಳ್ನಕ್ಕು, ಕೈಯಲ್ಲಿರುವ ಜಪಮಾಲೆಯನ್ನು ತುಸು ಮೇಲೆತ್ತಿ ತೋರಿಸಿ, ಗುಡಿಯ ಕಡೆಗೆ ಹೆಜ್ಜೆ ಹಾಕುತ್ತಾಳೆ. ಬಹುಕಾಲದಿಂದ ನೆರೆಯಲ್ಲಿ ಬಾಳಿದವನಿಗೆ ಅಷ್ಟರಿಂದಲೇ ತಿಳಿಯುತ್ತದೆ: ಇಂದು ಆಕೆಗೆ ಅನ್ನವಿಲ್ಲ, ನೀರಿಲ್ಲ, ಮಾತೂ ಇಲ್ಲ.

ಆಕೆ ಟಿಬೆಟ್ಟಿನಿಂದ ಬಂದ ಕುಟುಂಬದವಳು. ಟಿಬೆಟ್ಟಿನ ಪಂಚಾಂಗದ ನಾಲ್ಕನೆಯ ತಿಂಗಳಿಗೆ ಸಾಗಾ ದಾವಾ ಎಂದು ಹೆಸರು. ಬುದ್ಧದೇವನು ಜನಿಸಿದ್ದು, ಬೋಧಿಯನ್ನು ಪಡೆದದ್ದು, ಪರಿನಿರ್ವಾಣವನ್ನು ಹೊಂದಿದ್ದು ಎಲ್ಲವೂ ಈ ಮಾಸದಲ್ಲಿಯೇ ಎಂದು ನಂಬಿ ಟಿಬೆಟನ್ನರು ಇದನ್ನು ವರ್ಷದ ಪರಮಪವಿತ್ರ ಕಾಲವೆಂದು ಆಚರಿಸುವರು. ಆದರೆ ಸುತ್ತಲಿನ ನಾಡಿಗೆ ಅದು ಮಾಮೂಲಿನ ತಿಂಗಳು. ಬಸ್ಸುಗಳು ಎಂದಿನಂತೆ ಬಂದುಹೋಗುತ್ತವೆ, ಹೋಟೆಲುಗಳಲ್ಲಿ ಎಂದಿನಂತೆ ದೋಸೆ ಬೇಯುತ್ತದೆ, ಕಚೇರಿಗಳಿಗೆ ರಜೆಯಿಲ್ಲ. ತಮ್ಮದಲ್ಲದ ನಾಡಿನಲ್ಲಿ, ತಮ್ಮ ಪಂಚಾಂಗವನ್ನು ಅರಿಯದ ಜನರ ನಡುವೆ, ತಮ್ಮ ಪುಣ್ಯಮಾಸವನ್ನು ಕಾಪಾಡಿಕೊಳ್ಳುವುದು ಹೇಗೆ? ಒಡೆಯರಪಾಳ್ಯದ ಟಿಬೆಟನ್ನರು ಅರ್ಧ ಶತಮಾನದಿಂದ ಈ ಪ್ರಶ್ನೆಗೆ ಉತ್ತರವನ್ನು ಬದುಕಿಯೇ ತೋರಿಸುತ್ತಿದ್ದಾರೆ.

ಕೊಲ್ಲಿಯಲ್ಲಿ ಕನ್ನಡಿಗರು

ಇದಕ್ಕೆ ತಿರುವುಮುರುವಾದ ಅನುಭವ ಅನೇಕ ಕನ್ನಡ ಕುಟುಂಬಗಳಿಗೆ ಚೆನ್ನಾಗಿ ಪರಿಚಿತ. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ, ಬೆಂಗಳೂರಿನಿಂದ, ಉದ್ಯೋಗವನ್ನರಸಿ ದುಬೈ, ಕುವೈತ್, ಬಹ್ರೇನ್, ಮಸ್ಕತ್ತುಗಳಿಗೆ ಹೋಗಿ ನೆಲೆಸಿದವರು ರಂಜಾನ್ ತಿಂಗಳು ಬಂತೆಂದರೆ ತಮ್ಮ ದಿನಚರಿಯನ್ನೇ ತಿದ್ದಿಕೊಳ್ಳಬೇಕಾಗುತ್ತದೆ. ಅಲ್ಲಿ ಉಪವಾಸ ಹಿಡಿಯುವುದು ಇಡೀ ನಾಡು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಖಾಸಗಿ ನೌಕರರ ಕೆಲಸದ ಅವಧಿಯು ಆ ತಿಂಗಳು ದಿನಕ್ಕೆ ಎರಡು ಗಂಟೆಗಳಷ್ಟು ಕಡಮೆಯಾಗುತ್ತದೆ. ಉಪವಾಸವಿರುವವನಿಗೂ ಇಲ್ಲದವನಿಗೂ ಈ ರಿಯಾಯಿತಿ ಒಂದೇ. ಕುವೈತಿನಲ್ಲಿ ೧೯೬೮ರ ೪೪ನೆಯ ಶಾಸನದಂತೆ, ಹಗಲು ಹೊತ್ತು ಸಾರ್ವಜನಿಕ ಸ್ಥಳದಲ್ಲಿ ತಿನ್ನುವವನಿಗೆ, ಅವನ ಮತ ಯಾವುದೇ ಆಗಿರಲಿ, ನೂರು ದಿನಾರುಗಳವರೆಗೆ ದಂಡ, ಒಂದು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಉಂಟು. ದುಬೈಯಲ್ಲಿ ಹಗಲು ಊಟ ಬಡಿಸುವ ಹೋಟೆಲುಗಳು ಪರದೆ ಇಳಿಬಿಡಬೇಕೆಂಬ ಕಟ್ಟಳೆಯಿತ್ತು. ೨೦೨೧ರಲ್ಲಿ ಅದನ್ನು ತೆಗೆದುಹಾಕಲಾಯಿತು.

ಕಟ್ಟಳೆಗಿಂತ ಹೆಚ್ಚಾಗಿ ದಾಕ್ಷಿಣ್ಯವೇ ಅಲ್ಲಿ ಮನುಷ್ಯನನ್ನು ನಡೆಸುತ್ತದೆ. ಪಕ್ಕದ ಮೇಜಿನ ಸಹೋದ್ಯೋಗಿ ಬೆಳಗಿನಿಂದ ಒಂದು ಗುಟುಕು ನೀರನ್ನೂ ಮುಟ್ಟದೆ ಕೆಲಸ ಮಾಡುತ್ತಿರುವಾಗ, ಅವನೆದುರಿಗೆ ಚಿತ್ರಾನ್ನದ ಡಬ್ಬಿಯನ್ನು ಬಿಚ್ಚಲು ಯಾರಿಗೆ ತಾನೆ ಮನಸ್ಸು ಬಂದೀತು? ಮನೆಯಿಂದ ಕೊಟ್ಟುಕಳಿಸಿದ ತಿಂಡಿಯನ್ನು ಮರೆಯಲ್ಲಿ ಕುಳಿತು ತಿಂದು ಬಾಯಿ ಒರೆಸಿಕೊಂಡು ಬರುವುದು ರೂಢಿ. ಅಂಗಡಿಬೀದಿಗಳು ಹಗಲೆಲ್ಲ ತೂಕಡಿಸಿ ಇರುಳಿಗೆ ಕಣ್ತೆರೆಯುತ್ತವೆ. ಸೂರ್ಯ ಮುಳುಗಿದೊಡನೆ ದುಬೈಯಲ್ಲಿ ಫಿರಂಗಿ ಹಾರುತ್ತದೆ. ಮಸೀದಿಗಳ ಬಳಿ ಡೇರೆಗಳಲ್ಲಿ ಖರ್ಜೂರ, ಮಜ್ಜಿಗೆ, ಅನ್ನ, ಮಾಂಸ ಎಲ್ಲವನ್ನೂ ಪಂಕ್ತಿಯಾಗಿ ಇಟ್ಟಿರುತ್ತಾರೆ. ಅಲ್ಲಿ ಬಂದು ಕುಳಿತ ಕೂಲಿಕಾರನ ಮತವನ್ನು ಕೇಳುವವರಿಲ್ಲ. ಕುವೈತಿನಲ್ಲಿ ತಿಂಗಳ ನಡುವೆ ಗರ್ಗಿಯಾನ್ ಎಂಬ ಮಕ್ಕಳ ಹಬ್ಬ; ಚೀಲ ಹಿಡಿದ ಮಕ್ಕಳು ಮನೆಮನೆಗೆ ಹೋಗಿ ಹಾಡಿ ಸಿಹಿ ಬೇಡುವರು.

ಹೀಗೆ ಕೊಲ್ಲಿಯಲ್ಲಿರುವ ಕನ್ನಡಿಗನು ಅತಿಥೇಯರ ಪುಣ್ಯಮಾಸಕ್ಕೆ ತನ್ನ ಬದುಕನ್ನು ಹೊಂದಿಸಿಕೊಳ್ಳುತ್ತಾನೆ. ಅವನ ಕೈಯಲ್ಲಿ ಪಾಸ್‌ಪೋರ್ಟಿದೆ; ಬೇಡವೆನಿಸಿದ ದಿನ ವಿಮಾನ ಹತ್ತಿ ಊರಿಗೆ ಬರಬಹುದು. ಒಡೆಯರಪಾಳ್ಯದಲ್ಲಿ ಉಪವಾಸವಿರುವವನೇ ವಿದೇಶೀಯ, ನಾಡು ಉಣ್ಣುತ್ತಿರುತ್ತದೆ. ಹಿಂತಿರುಗಿ ಹೋಗಲು ಅವನಿಗೆ ಊರಿಲ್ಲ. ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಬೇರೆ ದೇಶದವನೆಂಬುದರ ಜೊತೆಗೆ ದಿಕ್ಕಿಲ್ಲದವನೆಂಬ ಅರ್ಥವೂ ಇರುವುದು ಇಂಥ ಕಡೆ ನೆನಪಾಗುತ್ತದೆ.

ಮೆಕ್ಕೆಜೋಳದ ನಡುವಿನ ಟಿಬೆಟ್

ಹನೂರಿನ ಕಡೆಯ ಬೆಟ್ಟಸೀಮೆಯಲ್ಲಿ ಲೊಕ್ಕನಹಳ್ಳಿಯನ್ನು ದಾಟಿ ಮುಂದೆ ಸಾಗಿದರೆ ಒಡೆಯರಪಾಳ್ಯ ಸಿಗುತ್ತದೆ. ಒಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಮಗ್ಗುಲಿಗೆ ಮಲೆ ಮಹದೇಶ್ವರನ ಗಿರಿಗಳು. ತೆಂಕಣದಲ್ಲಿ ತಮಿಳುನಾಡಿನ ಎಲ್ಲೆ. ಈ ಸೀಮೆಯೇ ಅನೇಕ ಒಡೆಯರನ್ನು ಕಂಡಿದೆ. ೧೯೫೬ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಅನಂತರ ಮೈಸೂರು ಜಿಲ್ಲೆಗೆ ಬಂತು; ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಆಮೇಲೆ ಹನೂರು ಪ್ರತ್ಯೇಕ ತಾಲ್ಲೂಕಾಯಿತು.

೧೯೫೯ರ ಮಾರ್ಚ್ ತಿಂಗಳಿನಲ್ಲಿ ಲ್ಹಾಸಾ ನಗರದಲ್ಲಿ ಚೀನೀಯರ ವಿರುದ್ಧ ಜನರು ದಂಗೆಯೆದ್ದರು. ದಂಗೆ ಅಡಗಿತು, ದಲೈ ಲಾಮಾ ಅವರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಹಸ್ರಾರು ಮಂದಿ ಹಿಮದ ಕಣಿವೆಗಳನ್ನು ಹಾದು ಬಂದರು. ಬಂದವರಲ್ಲಿ ಬಹುಮಂದಿಗೆ ಮೊದಲು ದೊರೆತದ್ದು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿ. ಅಂದಿನ ಮೈಸೂರು ರಾಜ್ಯವು ನೆಲ ಕೊಡಲು ಮುಂದೆ ಬಂದಿತು. ೧೯೬೦ರಲ್ಲಿ ಬೈಲಕುಪ್ಪೆಯ ವಸತಿ ಮೊದಲಾಯಿತು. ತರುವಾಯ ಮುಂಡಗೋಡು, ಹುಣಸೂರಿನ ಸಮೀಪದ ಗುರುಪುರ. ಕೊನೆಗೆ ೧೯೭೪ರ ಹೊತ್ತಿಗೆ ಒಡೆಯರಪಾಳ್ಯ. ಆ ವೇಳೆಗೆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿತ್ತು. ದೇಶ ಬಿಟ್ಟವರು ಡೇರೆಗಳಲ್ಲಿ, ರಸ್ತೆಯ ಶಿಬಿರಗಳಲ್ಲಿ ಸುಮಾರು ಹದಿನೈದು ವರ್ಷ ಕಳೆದಿದ್ದರು.

ಹೊಸ ವಸತಿಗೆ ಧೊಂಡೆನ್‌ಲಿಂಗ್ ಎಂದು ಹೆಸರಿಟ್ಟರು. ಸಾರ್ಥಕವಾದ ತಾಣವೆಂದು ಅದರ ಅರ್ಥ. ಕಾಡಿನಂಚಿನ ನೆಲದಲ್ಲಿ ಚಿಕ್ಕಚಿಕ್ಕ ಹಳ್ಳಿಗಳು ಎದ್ದವು. ಅವುಗಳಿಗೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರಗಳೇ ಹೆಸರು. ಬಿತ್ತಿದ್ದು ಮುಖ್ಯವಾಗಿ ಮುಸುಕಿನ ಜೋಳ. ಹಿಮದ ನಾಡಿನಲ್ಲಿ ಜವೆಗೋದಿಯ ಹುರಿಹಿಟ್ಟಿಗೆ ಬೆಣ್ಣೆಯ ಚಹಾ ಕಲಸಿ ಉಣ್ಣುತ್ತಿದ್ದವರಿಗೆ ಈ ನೆಲದ ಬಿಸಿಲು, ಬೆಳೆ, ಭಾಷೆ ಎಲ್ಲವೂ ಹೊಸದು. ಹುರಿಹಿಟ್ಟೊಂದು ಮಾತ್ರ ಎರಡೂ ಕಡೆಯವರಿಗೆ ಗೊತ್ತಿದ್ದ ಪದಾರ್ಥ. ಅವರು ಅದನ್ನು ತ್ಸಾಂಪಾ ಎನ್ನುತ್ತಾರೆ. ಇಲ್ಲಿಯವರು ರಾಗಿಯಲ್ಲಿ ಮಾಡುತ್ತಾರೆ.

ಪೂರ್ವ ಟಿಬೆಟ್ಟಿನ ಖಾಮ್ ಪ್ರಾಂತ್ಯದಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಸ್ಥಾಪಿತವಾಗಿದ್ದ ಜೊಗ್‌ಚೆನ್ ಮಠವು ೧೯೫೯ರ ಸುಮಾರಿನಲ್ಲಿ ಹಾಳಾಯಿತು. ಅದೇ ಪರಂಪರೆಯ ಏಳನೆಯ ಜೊಗ್‌ಚೆನ್ ರಿಂಪೋಚೆಯವರು ಅದನ್ನು ಧೊಂಡೆನ್‌ಲಿಂಗಿನಲ್ಲಿ ಮತ್ತೆ ಕಟ್ಟಿಸಿದರು. ೧೯೯೨ರಲ್ಲಿ ದಲೈ ಲಾಮಾ ಅವರೇ ಬಂದು ಅದನ್ನು ಉದ್ಘಾಟಿಸಿದರು. ರಾಗಿಯ ಹೊಲಗಳನ್ನು ನೋಡುತ್ತ ಬಂದ ಪ್ರವಾಸಿಗೆ, ತಿರುವಿನಲ್ಲಿ ಥಟ್ಟನೆ ಹೊನ್ನಿನ ಕಲಶದ ಮಠವೂ ಐದು ಬಣ್ಣದ ಪ್ರಾರ್ಥನಾ ಪತಾಕೆಗಳೂ ಕಂಡು ಆಶ್ಚರ್ಯವಾಗುತ್ತದೆ.

ತಿಂಗಳ ನೇಮ

ಸಾಗಾ ದಾವಾ ಸಾಮಾನ್ಯವಾಗಿ ಮೇ, ಜೂನ್ ತಿಂಗಳುಗಳಲ್ಲಿ ಬರುತ್ತದೆ. ಈ ಮಾಸದಲ್ಲಿ ಮಾಡಿದ ಪುಣ್ಯವೂ ಪಾಪವೂ ಲಕ್ಷ ಪಾಲು ಹೆಚ್ಚುತ್ತದೆಂಬುದು ಟಿಬೆಟನ್ನರ ನಂಬಿಕೆ. ಆದ್ದರಿಂದಲೇ ಇದಕ್ಕೆ ಲಕ್ಷಗುಣದ ಮಾಸವೆಂಬ ಅರ್ಥದ ಇನ್ನೊಂದು ಹೆಸರೂ ಉಂಟು. ಹುಣ್ಣಿಮೆಯ ದಿನ ಎಲ್ಲಕ್ಕಿಂತ ಮಿಗಿಲು.

ಟಿಬೆಟನ್ನರು ಸ್ವಭಾವತಃ ಮಾಂಸಾಹಾರಿಗಳು. ಧಾನ್ಯ, ತರಕಾರಿ ವಿರಳವಾದ ಹಿಮಪ್ರದೇಶದಲ್ಲಿ ಬಾಳಿದವರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ಈ ತಿಂಗಳು ಅನೇಕ ಮನೆಗಳಲ್ಲಿ ಮಾಂಸದ ಪಾತ್ರೆ ಒಲೆಯೇರುವುದಿಲ್ಲ. ಮೊಮೊ ಕಡುಬಿನೊಳಗೆ ಎಲೆಕೋಸು, ಆಲೂಗೆಡ್ಡೆ ಬರುತ್ತದೆ. ಥುಕ್ಪಾ ಎಂಬ ಸಾರಿನಲ್ಲಿ ಸೊಪ್ಪು ಬೇಯುತ್ತದೆ. ವ್ರತ ಹಿಡಿಯುವವರು ಬೆಳಕು ಹರಿಯುವ ಮುನ್ನ ಎಂಟು ನೇಮಗಳನ್ನು ಸ್ವೀಕರಿಸುತ್ತಾರೆ: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ, ಮದ್ಯ ಮುಟ್ಟುವುದಿಲ್ಲ, ಬ್ರಹ್ಮಚರ್ಯದಿಂದಿರುವೆನು, ಎತ್ತರದ ಆಸನದಲ್ಲಿ ಕೂರುವುದಿಲ್ಲ, ಹಾಡು ನರ್ತನ ಗಂಧ ಮಾಲೆಗಳನ್ನು ಬಯಸುವುದಿಲ್ಲ, ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ. ಮರುದಿನದ ಅರುಣೋದಯದವರೆಗೆ ಈ ನೇಮಗಳು ನಡೆಯುತ್ತವೆ.

ಇವುಗಳೆಲ್ಲಕ್ಕಿಂತ ಕಠಿನವಾದದ್ದು ನ್ಯುಂಗ್ನೆ ಎಂಬ ಎರಡು ದಿನಗಳ ವ್ರತ. ಸಾವಿರ ಕೈಗಳ ಅವಲೋಕಿತೇಶ್ವರನನ್ನು ಕುರಿತ ಈ ವ್ರತವನ್ನು ಬಳಕೆಗೆ ತಂದವಳು ಭಿಕ್ಷುಣಿ ಲಕ್ಷ್ಮಿ ಎಂಬ ಭಾರತೀಯ ಸಾಧ್ವಿ ಎಂದು ಪರಂಪರೆ ಹೇಳುತ್ತದೆ. ಮೊದಲ ದಿನ ನಡುಹಗಲಿಗೆ ಮುಂಚೆ ಒಂದೇ ಊಟ. ಅದರಲ್ಲಿ ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿಗಳು ನಿಷಿದ್ಧ. ಎರಡನೆಯ ದಿನ ಪೂರ್ತಿ ನಿರಾಹಾರ, ನಿರ್ಜಲ, ಮೌನ. ದಿನವಿಡೀ ಪಠನ, ನಡುನಡುವೆ ದೀರ್ಘದಂಡ ನಮಸ್ಕಾರಗಳು. ಮೂರನೆಯ ದಿನದ ಬೆಳಗಿನ ಜಾವ ಒಂದು ಗುಟುಕು ನೀರಿನೊಡನೆ ವ್ರತ ಮುಗಿಯುತ್ತದೆ. ಏಕಾದಶಿಯ ಉಪವಾಸವನ್ನೂ ದ್ವಾದಶಿಯ ಪಾರಣೆಯನ್ನೂ ಮನೆಯ ಅಜ್ಜಿಯರಲ್ಲಿ ಕಂಡವರಿಗೆ ಇದು ಅಪರಿಚಿತವೆನಿಸಲಾರದು.

ಇದರೊಂದಿಗೆ ದಾನವೂ ನಡೆಯಬೇಕು. ಲ್ಹಾಸಾದಲ್ಲಿ ಈ ಮಾಸದಲ್ಲಿ ಜನರು ನಗರವನ್ನು ಬಳಸಿ ಹೋಗುವ ಲಿಂಗ್‌ಖೋರ್ ಎಂಬ ಪ್ರದಕ್ಷಿಣಾಪಥದಲ್ಲಿ ನಡೆಯುವರು. ದಾರಿಯ ಇಕ್ಕೆಲಗಳಲ್ಲಿ ಕುಳಿತ ಬಡವರಿಗೆ ಚಿಲ್ಲರೆ ಹಂಚುತ್ತ ಸಾಗುವರು. ಕಟುಕನ ಕೈಗೆ ಹೋಗುವ ಕುರಿಯನ್ನೋ ಯಾಕ್ ಪಶುವನ್ನೋ ಕೊಂಡು ಬಿಡುಗಡೆ ಮಾಡುವುದು ಮಹಾಪುಣ್ಯ. ಇಲ್ಲಿ ಲಿಂಗ್‌ಖೋರ್ ಇಲ್ಲ. ಮಠವನ್ನು ಬಳಸುವ ಹಾದಿಯೇ ಪ್ರದಕ್ಷಿಣಾಪಥವಾಗುತ್ತದೆ. ಪ್ರಾರ್ಥನಾ ಚಕ್ರಗಳನ್ನು ತಿರುಗಿಸುತ್ತ ಮುದುಕರು, ಮುದುಕಿಯರು ಆ ಹಾದಿಯಲ್ಲಿಯೇ ಲ್ಹಾಸಾವನ್ನು ಕಾಣುತ್ತಾರೆ.

ಬಿತ್ತನೆಯೂ ವ್ರತವೂ

ಕಷ್ಟವಿರುವುದು ಹಸಿವಿನಲ್ಲಿ ಮಾತ್ರವಲ್ಲ. ಮುಸುಕಿನ ಜೋಳದ ಬಿತ್ತನೆಯೂ ಈ ದಿನಗಳಲ್ಲಿಯೇ ಬರುತ್ತದೆ. ಈ ಭಾಗದಲ್ಲಿ ಮಳೆ ಬಂದಾಗ ಬಿತ್ತಬೇಕು. ಹದ ತಪ್ಪಿದರೆ ವರ್ಷದ ಅನ್ನ ತಪ್ಪಿತು. ನೇಗಿಲು ಹೂಡಿದರೆ, ಟ್ರಾಕ್ಟರು ಹಾಯಿಸಿದರೆ, ಮಣ್ಣಿನೊಳಗಿನ ಹುಳುಹುಪ್ಪಟೆಗಳು ಸಾಯದೆ ಇರುವುದಿಲ್ಲ. ಎರೆಹುಳು, ಇರುವೆ, ಗೆದ್ದಲು ಇವೂ ಜೀವಗಳೇ. ಬೇರೆ ತಿಂಗಳಿನಲ್ಲಾದರೆ ಒಂದು ಪಾಲು ಪಾಪ. ಈ ತಿಂಗಳಿನಲ್ಲಿ ಲಕ್ಷ ಪಾಲು! ಮಳೆಗಾಲದಲ್ಲಿ ಹುಳಗಳು ಕಾಲ ಕೆಳಗೆ ಸಿಕ್ಕಿ ಸಾಯಬಾರದೆಂದು ಭಿಕ್ಷುಗಳು ತಿರುಗಾಟ ಬಿಟ್ಟು ಒಂದೆಡೆ ನಿಲ್ಲಬೇಕೆಂದು ಬುದ್ಧನ ಕಾಲದಿಂದಲೂ ವಿಧಿಯಿದೆ. ಆದರೆ ಒಕ್ಕಲಿಗನು ಎಲ್ಲಿ ನಿಂತಾನು?

ಭಿಕ್ಷುವಿನ ನೇಮವನ್ನೂ ರೈತನ ನಸೀಬನ್ನೂ ಒಂದೇ ಮನೆ ಹೊರಬೇಕಾದಾಗ ಮನೆಯವರು ಅದನ್ನು ಹಂಚಿಕೊಳ್ಳುತ್ತಾರೆ. ಹಿರಿಯರು ವ್ರತಕ್ಕೆ ಕೂರುವರು. ಕಿರಿಯರು ಹೊಲಕ್ಕೆ ಇಳಿಯುವರು. ಅಕ್ಕಪಕ್ಕದ ಹಳ್ಳಿಗಳಿಂದ ಕೂಲಿಗೆ ಬಂದವರು ಸಾಲು ಹಿಡಿಯುವರು. ಬಿತ್ತನೆ ಮುಗಿಸಿ ಬಂದ ಮಗ ಇರುಳಿನಲ್ಲಿ ಬೆಣ್ಣೆದೀಪ ಹಚ್ಚಿ, ತನ್ನ ಕಾಲಡಿಯಲ್ಲಿ ಸತ್ತ ಜೀವಗಳಿಗೆ ಒಳ್ಳೆಯ ಜನ್ಮ ದೊರೆಯಲೆಂದು ಪ್ರಾರ್ಥಿಸುವುದುಂಟು. ವಲಸೆಯ ಟಿಬೆಟನ್ ಆಡಳಿತವು ವಸತಿಗಳಲ್ಲಿ ಸಾವಯವ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟಾಗ, ಕೀಟನಾಶಕ ಬೇಡವೆಂಬ ಮಾತು ಹಿರಿಯರಿಗೆ ಹಿಡಿಸಿದ್ದರೆ ಅದರಲ್ಲಿ ಸೋಜಿಗವೇನಿದೆ? ಹೊಸ ಬೇಸಾಯಶಾಸ್ತ್ರ ಹೇಳಿದ್ದು ಅವರ ಹಳೆಯ ನೇಮವನ್ನೇ.

ಮೂರು ಪಂಚಾಂಗ, ಒಂದೇ ಮಾಸ

ರಂಜಾನ್ ಕೂಡ ಚಂದ್ರನನ್ನು ನೋಡಿ ನಡೆಯುವ ತಿಂಗಳು. ಆದರೆ ಅದಕ್ಕೆ ಅಧಿಕಮಾಸವಿಲ್ಲ. ಆದ್ದರಿಂದ ಅದು ವರ್ಷವರ್ಷವೂ ಹತ್ತು ಹನ್ನೊಂದು ದಿನಗಳಷ್ಟು ಹಿಂದೆ ಸರಿಯುತ್ತ, ಚಳಿ ಮಳೆ ಬಿಸಿಲುಗಳನ್ನೆಲ್ಲ ಸುತ್ತಿ, ಸುಮಾರು ಮೂವತ್ತಮೂರು ವರ್ಷಗಳಿಗೆ ಮೊದಲಿನ ಸ್ಥಾನಕ್ಕೆ ಬರುತ್ತದೆ. ಟಿಬೆಟ್ಟಿನ ಪಂಚಾಂಗವೂ ಹಿಂದೂ ಪಂಚಾಂಗವೂ ಅಧಿಕಮಾಸವನ್ನು ಸೇರಿಸಿಕೊಂಡು ಋತುವನ್ನು ಬಿಡದೆ ಹಿಡಿದಿರುತ್ತವೆ. ಆದರೆ ಇಬ್ಬರೂ ಅದನ್ನು ಸೇರಿಸುವ ವರ್ಷ ಬೇರೆಬೇರೆಯಾಗಿರಬಹುದು. ಆದಕಾರಣ ಇಲ್ಲಿಯವರ ಬುದ್ಧಪೂರ್ಣಿಮೆಗೂ ಅವರ ಸಾಗಾ ದಾವಾ ಹುಣ್ಣಿಮೆಗೂ ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುತ್ತದೆ.

ಈ ಲೆಕ್ಕಾಚಾರಗಳ ನಡುವೆ ೨೦೧೮ರಲ್ಲಿ ಒಂದು ಅಪೂರ್ವ ಯೋಗ ಒದಗಿತು. ಆ ವರ್ಷ ಮೇ ನಡುವಿನಿಂದ ಜೂನ್ ನಡುವಿನವರೆಗೆ ಹಿಂದೂಗಳಿಗೆ ಅಧಿಕ ಜ್ಯೇಷ್ಠಮಾಸ. ಅದು ಮದುವೆ ಮುಂಜಿಗಳಿಗೆ ಸಲ್ಲದು; ದಾನ ವ್ರತಗಳಿಗೆ ವಿಶೇಷ. ಸರಿಸುಮಾರು ಅವೇ ದಿನಗಳಲ್ಲಿ ಕೊಳ್ಳೇಗಾಲ, ಹನೂರುಗಳ ಮುಸಲ್ಮಾನ ಮನೆಗಳಲ್ಲಿ ರಂಜಾನ್ ಉಪವಾಸ. ಅವೇ ದಿನಗಳಲ್ಲಿ ಒಡೆಯರಪಾಳ್ಯದಲ್ಲಿ ಸಾಗಾ ದಾವಾ. ಮೇ ೨೯ರಂದು ಅದರ ಹುಣ್ಣಿಮೆ. ಒಂದೇ ಅಮಾವಾಸ್ಯೆಯ ಬಳಿಕ ಮೂಡಿದ ಬಾಲಚಂದ್ರನನ್ನು ಮೂವರೂ ತಮ್ಮತಮ್ಮ ಪುಣ್ಯಮಾಸದ ಆರಂಭವೆಂದು ಎಣಿಸಿದರು. ಹನೂರಿನ ಬಸ್ಸಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತ ಮೂವರಿಗೂ ಪರಸ್ಪರರ ನೇಮ ಗೊತ್ತಿದ್ದಿರಲಿಕ್ಕಿಲ್ಲ. ಆದರೆ ಮೂವರ ಹೊಟ್ಟೆಯಲ್ಲೂ ಹಸಿವು ಒಂದೇ ಆಗಿತ್ತು.

ಲ್ಹಾಸಾದ ಮುಸಲ್ಮಾನರು

ಬೇರೆಯವರ ಪುಣ್ಯಮಾಸದಲ್ಲಿ ಬಾಳುವವರ ವಿಷಯ ಬಂದಾಗ ಟಿಬೆಟನ್ನರಿಗೆ ತಮ್ಮ ಇತಿಹಾಸದಲ್ಲಿಯೇ ಒಂದು ದೃಷ್ಟಾಂತವಿದೆ. ಲ್ಹಾಸಾ ನಗರದಲ್ಲಿ ಶತಮಾನಗಳಿಂದ ಮುಸಲ್ಮಾನರು ನೆಲೆಸಿದ್ದರು. ಬಹುಪಾಲು ಕಾಶ್ಮೀರ, ಲಡಾಖುಗಳಿಂದ ವ್ಯಾಪಾರಕ್ಕೆ ಬಂದು ಅಲ್ಲಿಯೇ ಮನೆ ಮಾಡಿದವರು. ಹದಿನೇಳನೆಯ ಶತಮಾನದಲ್ಲಿ ಐದನೆಯ ದಲೈ ಲಾಮಾ ಅವರಿಗೆ ಮಸೀದಿಗೂ ಗೋರಿಸ್ಥಾನಕ್ಕೂ ನೆಲ ಕೊಟ್ಟರು. ಬಿಲ್ಲುಗಾರನೊಬ್ಬನಿಂದ ನಾಲ್ಕು ದಿಕ್ಕಿಗೆ ಬಾಣ ಬಿಡಿಸಿ, ಬಾಣ ಬಿದ್ದಷ್ಟು ದೂರದ ನೆಲವನ್ನು ಅವರಿಗೆ ಬಿಟ್ಟುಕೊಟ್ಟರೆಂದು ಐತಿಹ್ಯ. ತಮ್ಮ ಜ್ಯಾತಿಯ ವ್ಯಾಜ್ಯಗಳನ್ನು ತಮ್ಮ ಧರ್ಮದಂತೆ ತೀರಿಸಿಕೊಳ್ಳಲು ಅವರಿಗೆ ಐದು ಮಂದಿಯ ಪಂಚಾಯಿತಿಯಿತ್ತು.

ಪುಣ್ಯಮಾಸದಲ್ಲಿ ಮಾಂಸ ಕೂಡದೆಂಬ ಆಜ್ಞೆ ಟಿಬೆಟ್ಟಿನಲ್ಲಿ ಹೊರಡುತ್ತಿದ್ದಾಗ ಮುಸಲ್ಮಾನರಿಗೆ ಅದರಿಂದ ವಿನಾಯಿತಿ ಇತ್ತು. ಲ್ಹಾಸಾದ ಆಡಳಿತವು ವರ್ಷಕ್ಕೊಮ್ಮೆ ಭಿಕ್ಷುಗಳ ಕೈಗೆ ಹೋಗುವ ದಿನಗಳಲ್ಲಿ ಎಲ್ಲರೂ ಹಿರಿಯ ಲಾಮಾಗಳ ಮುಂದೆ ಟೋಪಿ ತೆಗೆಯಬೇಕಾಗಿತ್ತು, ಮುಸಲ್ಮಾನರು ತೆಗೆಯಬೇಕಾಗಿರಲಿಲ್ಲ. ಹಿರಿಯ ಲಾಮಾ ಒಬ್ಬರು ಆ ಅವಧಿಯಲ್ಲಿ ತೀರಿಕೊಂಡರೆ ಮಾತ್ರ ಅವರೂ ಮಾಂಸ ಬಿಟ್ಟು ನಾಡಿನ ದುಃಖದಲ್ಲಿ ಸೇರುತ್ತಿದ್ದರು. ನೇಮ ನಾಡಿನದು, ಆದರೆ ಅನ್ಯಮತೀಯನ ಅಡುಗೆಮನೆಯೊಳಗೆ ಅದು ಕೈಹಾಕುತ್ತಿರಲಿಲ್ಲ.

೧೯೫೯ರ ಬಳಿಕ ಆ ಮುಸಲ್ಮಾನರ ಬದುಕೂ ಅಲುಗಾಡಿತು. ಕಾಶ್ಮೀರದ ಮೂಲದವರೆಂಬ ಕಾರಣಕ್ಕೆ ಭಾರತದ ಪೌರತ್ವ ದೊರೆತವರು ೧೯೬೦ರ ಹೊತ್ತಿಗೆ ಗಡಿ ದಾಟಿ ಬಂದರು. ಅವರಲ್ಲಿ ಅನೇಕರು ಕೊನೆಗೆ ಶ್ರೀನಗರದಲ್ಲಿ ನೆಲೆಗೊಂಡರು. ಅಲ್ಲಿ ಇಂದಿಗೂ ಮೊಮೊ, ಥುಕ್ಪಾಗಳನ್ನು ಉಣ್ಣುತ್ತ, ಟಿಬೆಟನ್ ಭಾಷೆಯಾಡುತ್ತ, ರಂಜಾನ್ ಆಚರಿಸುವ ಮನೆಗಳಿವೆ. ಅತಿಥೇಯರೂ ಅತಿಥಿಗಳೂ ಒಂದೇ ಬಿರುಗಾಳಿಗೆ ಸಿಕ್ಕಿ, ಒಬ್ಬರು ಕಾಶ್ಮೀರಕ್ಕೂ ಒಬ್ಬರು ಕಾವೇರಿಯ ಸೀಮೆಗೂ ಬಂದು ಬಿದ್ದರು.

ನೆರೆಹೊರೆ

ಒಡೆಯರಪಾಳ್ಯದ ನೆರೆಯವರು ಲಿಂಗವಂತರು, ಸೋಲಿಗರು, ತಮಿಳರು, ಬೇರೆಬೇರೆ ಒಕ್ಕಲುಗಳವರು. ಅವರಲ್ಲಿ ಬಹುಮಂದಿಯ ಮನೆದೇವರು ಮಲೆಯ ಮಹದೇಶ್ವರ. ಶಿವರಾತ್ರಿಗೂ ಯುಗಾದಿಗೂ ದೀಪಾವಳಿಗೂ ಕಾಡುದಾರಿಯಲ್ಲಿ ನಡೆದು ಬೆಟ್ಟಕ್ಕೆ ಹೋಗುವ ಜನ ಅವರು. ಹರಕೆ, ಉಪವಾಸ, ಜಾಗರಣೆ, ಬರಿಗಾಲ ನಡಿಗೆ ಇವುಗಳ ಅರ್ಥವನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಸಾಗಾ ದಾವಾ ಹುಣ್ಣಿಮೆಯಂದೇ ಕೈಲಾಸಪರ್ವತದ ಬುಡದಲ್ಲಿ ಟಿಬೆಟನ್ನರು ತಾರ್ಬೋಚೆ ಎಂಬ ಮಹಾಧ್ವಜಸ್ತಂಭವನ್ನು ಹೊಸ ಪತಾಕೆಗಳೊಡನೆ ಎತ್ತಿ ನಿಲ್ಲಿಸುವರು. ಶಿವನ ಬೆಟ್ಟವೂ ಬುದ್ಧನ ಹುಣ್ಣಿಮೆಯೂ ಕೂಡುವ ಆ ಎಡೆ ಒಡೆಯರಪಾಳ್ಯದಿಂದ ಬಹು ದೂರ. ಆದರೆ ಕೈಲಾಸವೆಂಬ ಹೆಸರು ಎರಡೂ ಕಡೆಯವರಿಗೆ ದೂರದ್ದಲ್ಲ.

ಇನ್ನು ನಿತ್ಯದ ಬದುಕಿನಲ್ಲಿ ಅವರನ್ನು ಕೂಡಿಸುವುದು ಕೂಲಿ, ಸಂತೆ, ಮಳೆ ಮತ್ತು ಆನೆ. ಜೋಳದ ತೆನೆ ಹಾಲುಗಟ್ಟಿದಾಗ ಕಾಡಿನಿಂದ ಇಳಿಯುವ ಆನೆ, ಹಂದಿಗಳು ಹೊಲದ ಒಡೆಯನ ಮತವನ್ನು ವಿಚಾರಿಸುವುದಿಲ್ಲ. ಅಟ್ಟಣೆಯ ಮೇಲೆ ಇರುಳೆಲ್ಲ ತಗಡು ಬಡಿದು ಕೂಗುವವರ ದನಿಯಲ್ಲಿ ಯಾವುದು ಕನ್ನಡ, ಯಾವುದು ಟಿಬೆಟನ್ ಎಂದು ಬಿಡಿಸಿ ಹೇಳುವುದು ಕಷ್ಟ.

ಬೆಳೆ ಮನೆಗೆ ಬಂದೊಡನೆ ಅನೇಕ ಕುಟುಂಬಗಳು ಸ್ವೆಟರ್ ಗಂಟು ಕಟ್ಟಿಕೊಂಡು ನಗರಗಳಿಗೆ ಹೊರಡುತ್ತವೆ. ಚಳಿಗಾಲದಲ್ಲಿ ಬೀದಿಬದಿಯ ಸಾಲುಮಳಿಗೆಗಳಲ್ಲಿ ಮಕ್ಕಳಿಗೆ ಉಣ್ಣೆಯಂಗಿ ಕೊಂಡವರು ಈ ಜನರೊಡನೆ ಚೌಕಾಸಿ ಮಾಡಿಯೇ ಇರುತ್ತಾರೆ. ಫೆಬ್ರವರಿ, ಮಾರ್ಚಿನ ಲೋಸಾರ್ ಹೊಸವರ್ಷಕ್ಕೆ ಊರಿಗೆ ಮರಳಿ, ಬೇಸಗೆ ಕಳೆದರೆ ಮತ್ತೆ ಬಿತ್ತನೆ, ಮತ್ತೆ ಸಾಗಾ ದಾವಾ.

ಕಾಗದದ ಮೇಲೆ ವಿದೇಶೀಯರು

ಇಷ್ಟು ಕಾಲ ಇಲ್ಲಿ ಬಾಳಿದರೂ ಕಾನೂನಿನ ಕಣ್ಣಿಗೆ ಇವರಲ್ಲಿ ಬಹುಮಂದಿ ವಿದೇಶೀಯರೇ. ನೋಂದಣಿಯ ಪತ್ರವನ್ನು ಕಾಲಕಾಲಕ್ಕೆ ಹೊಸದು ಮಾಡಿಸಿಕೊಳ್ಳಬೇಕು. ಉಳುವ ನೆಲ ಸರ್ಕಾರದ್ದು. ೨೦೧೪ರಲ್ಲಿ ಭಾರತ ಸರ್ಕಾರವು ಪ್ರಕಟಿಸಿದ ಟಿಬೆಟನ್ ಪುನರ್ವಸತಿ ನೀತಿಯು ಗೇಣಿಯ ಕರಾರಿಗೆ ಒಂದು ಕ್ರಮವನ್ನು ಒದಗಿಸಿತು. ೧೯೫೦ರ ಜನವರಿ ೨೬ಕ್ಕೂ ೧೯೮೭ರ ಜುಲೈ ೧ಕ್ಕೂ ನಡುವೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರೆಂಬುದು ಪೌರತ್ವದ ಶಾಸನ. ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ೨೦೧೦ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ೨೦೧೩ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ತೀರ್ಪಿತ್ತವು. ಆದರೂ ಎಲ್ಲರೂ ಓಡಿಹೋಗಿ ಅರ್ಜಿ ಹಾಕಲಿಲ್ಲ. ಪೌರತ್ವ ಪಡೆದರೆ ತಾವು ಟಿಬೆಟ್ಟಿನವರೆಂದು ಹೇಳಿಕೊಳ್ಳುವ ಕೊನೆಯ ಕಾಗದವೂ ಕೈಬಿಡುತ್ತದಲ್ಲ ಎಂಬ ಅಳುಕು ಕೆಲವರಿಗೆ.

ಆದರೆ ಕಾಗದಕ್ಕಿಂತ ದೊಡ್ಡ ಚಿಂತೆ ಮನೆಯೊಳಗಿದೆ. ವಲಸೆಯ ಆಡಳಿತವು ೨೦೦೯ರಲ್ಲಿ ನಡೆಸಿದ ಎಣಿಕೆಯಂತೆ ಭಾರತದಲ್ಲಿ ಸುಮಾರು ೯೪,೦೦೦ ಟಿಬೆಟನ್ನರಿದ್ದರು. ಅಲ್ಲಿಂದೀಚೆಗೆ ಸಂಖ್ಯೆ ಇಳಿಯುತ್ತ ಬಂದಿದೆ. ಓದಿದ ಹುಡುಗ ಹುಡುಗಿಯರು ಬೆಂಗಳೂರಿಗೆ, ಅಲ್ಲಿಂದ ಯೂರೋಪಿಗೆ, ಅಮೆರಿಕಕ್ಕೆ, ಕೆನಡಾಕ್ಕೆ ಹೋಗುತ್ತಿದ್ದಾರೆ. ವ್ರತವನ್ನು ಹಿರಿಯರಿಗೂ ಹೊಲವನ್ನು ಕಿರಿಯರಿಗೂ ಹಂಚಿದ ಮನೆಯಲ್ಲಿ ಕಿರಿಯರೇ ಇಲ್ಲವಾದರೆ? ಹೊಲವನ್ನು ಕೂಲಿಗೋ ವಾರಕ್ಕೋ ಕೊಡಬಹುದು. ಉಪವಾಸವನ್ನು ಕೂಲಿಗೆ ಕೊಡುವಂತಿಲ್ಲ. ಟೊರಾಂಟೋದಲ್ಲಿಯೋ ನ್ಯೂಯಾರ್ಕಿನಲ್ಲಿಯೋ ಇರುವ ಮೊಮ್ಮಗಳು ತಿಂಗಳ ನೇಮವನ್ನು ಹಿಡಿದರೆ, ಅದು ಮೂರನೆಯ ನಾಡಿನಲ್ಲಿ ಹಿಡಿದ ನೇಮ. ಅಲ್ಲಿಯೂ ಆಕೆಯ ಕಚೇರಿಗೆ ರಜೆಯಿಲ್ಲ. ಪಕ್ಕದ ಮೇಜಿನವನಿಗೆ ತಿಂಗಳ ಹೆಸರೂ ತಿಳಿಯದು. ಕೊಲ್ಲಿಯ ಕನ್ನಡಿತಿ ದೀಪಾವಳಿಯ ಎಣ್ಣೆನೀರನ್ನು ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಮುಗಿಸಿದಂತೆ ಆಕೆಯೂ ಮುಗಿಸಬೇಕಾದೀತು.

ಆದರೆ ಪಂಚಾಂಗವೊಂದನ್ನು ಗಡಿಯಾಚೆ ಹೊತ್ತೊಯ್ಯಲು ರಹದಾರಿ ಬೇಕಾಗಿಲ್ಲ. ೧೯೫೯ರಲ್ಲಿ ಹಿಮವನ್ನು ದಾಟಿ ಬಂದವರು ಮಠವನ್ನು ಹೊತ್ತು ತರಲಾಗಲಿಲ್ಲ. ತಿಂಗಳುಗಳನ್ನು ಹೊತ್ತು ತಂದರು. ಯಾವ ದಿನ ಉಣ್ಣಬಾರದು, ಯಾವ ದಿನ ಮಾತನಾಡಬಾರದು, ಯಾವ ಹುಣ್ಣಿಮೆಗೆ ದೀಪ ಹಚ್ಚಬೇಕು ಎಂಬುದನ್ನು ಮರೆಯದೆ ಇದ್ದುದರಿಂದಲೇ ಕೊಳ್ಳೇಗಾಲದ ಕೆಮ್ಮಣ್ಣಿನಲ್ಲಿ ಒಂದು ಟಿಬೆಟ್ ಉಳಿಯಿತು. ಆ ಮರೆಯದಿರುವಿಕೆಗೆ ನೆರೆಯವರು ಅಡ್ಡ ಬಾರದೆ ಇದ್ದುದೂ ಸಣ್ಣ ಸಂಗತಿಯೇನಲ್ಲ.

ಹುಣ್ಣಿಮೆಯ ಸಂಜೆ ಮಠದಲ್ಲಿ ಬೆಣ್ಣೆದೀಪಗಳ ಸಾಲು ಹೊತ್ತಿಕೊಳ್ಳುತ್ತದೆ. ಹೊಸದಾಗಿ ಬಿತ್ತಿದ ಹೊಲಗಳ ಮೇಲೆ ಬೆಳುದಿಂಗಳು ಹರಡುತ್ತದೆ. ಮರುದಿನ ಮುಂಜಾನೆ, ಮೌನ ಮುರಿದ ವೃದ್ಧೆ ಅದೇ ದಾರಿಯಲ್ಲಿ ಹಿಂದಿರುಗುವಾಗ ಅದೇ ಕೂಲಿಯಾಳು ಎದುರಾದರೆ, ಈ ಸಲ ಮೊದಲು ಮಾತನಾಡಿಸುವ ಸರದಿ ಆಕೆಯದು. ಅರ್ಧ ಶತಮಾನದಲ್ಲಿ ಕಲಿತ ಕನ್ನಡದಲ್ಲಿ ಆಕೆ ಕೇಳುತ್ತಾಳೆ:

"ಊಟವಾಯ್ತಾಪ್ಪಾ?"